ಯುದ್ಧದ ಕಥೆ ಕೇಳುವುದು ಬಿಟ್ಟೆ, ಅಕ್ಕಿ ಲೆಕ್ಕ ಕೇಳಿದೆ

1837ರಲ್ಲಿ ಬ್ರಿಟಿಷರ ವಿರುದ್ಧ ಎದ್ದ ದಂಡಿಗೆ ನಮ್ಮ ಕಡೆಯ ಮನೆಗಳಿಂದ ಅಕ್ಕಿ ಹೇಗೆ ಹೋಯಿತು ಅಂತ ಹಳೇ ಲೆಕ್ಕದಲ್ಲಿ ಹುಡುಕಲು ಹನ್ನೊಂದು ವರ್ಷ ಹಿಡಿಯಿತು. ಖರ್ಚು ಮೂರೂವರೆ ಲಕ್ಷದ ಹತ್ತಿರ ಆಗಿರಬಹುದು. ಹೆಂಡತಿಯ ಲೆಕ್ಕದಲ್ಲಿ ಐದು. "ಅಕ್ಕಿ ಲೆಕ್ಕದಲ್ಲಿ ಇತಿಹಾಸ ಸಿಗ್ತದಾ ಮಾರಾಯ್ರೆ?" ಅಂತ ನಕ್ಕಿದ್ದ ಒಬ್ಬ ಪ್ರೊಫೆಸರು ಕಳೆದ ತಿಂಗಳು ತಾವೇ ಫೋನ್ ಮಾಡಿ ಆ ಲೆಕ್ಕದ ಫೋಟೋ ಕೇಳಿದರು. ಕಳಿಸಿದೆ, ಎರಡು ದಿನ ಕಾಯಿಸಿ. ಅಷ್ಟಾದರೂ ಬೇಡವಾ?

1837ರ ದಂಡಿನ ಬಗ್ಗೆ ತಲೆ ಕೆಡಿಸಿಕೊಂಡವರಿಗೆ ಹಿನ್ನೆಲೆ ಹೇಳಬೇಕಿಲ್ಲ. 1834ರಲ್ಲಿ ಈಸ್ಟ್ ಇಂಡಿಯಾ ಕಂಪನಿ ಕೊಡಗನ್ನು ನುಂಗಿತು. ಜನರೇ ಒಟ್ಟಾಗಿ ಕೇಳಿಕೊಂಡರು ಅಂತ ಮೇ 7ರ ಘೋಷಣೆಯಲ್ಲಿ ಬರೆದುಕೊಂಡಿತು. ಅಮರ ಸುಳ್ಯ, ಪುತ್ತೂರು ಸೀಮೆಗಳನ್ನು ಕೊಡಗಿನಿಂದ ಕಿತ್ತು ಕೆನರಾಕ್ಕೆ, ಅಂದರೆ ಮಂಗಳೂರಿನ ಜಿಲ್ಲೆಗೆ ಸೇರಿಸಿತು. ಅಲ್ಲಿಯವರೆಗೆ ಬೆಳೆಯಲ್ಲಿ ಕೊಡುತ್ತಿದ್ದ ಕಂದಾಯವನ್ನು ನಗದಿನಲ್ಲಿ ಕೇಳಿತು. ಮೂರು ವರ್ಷದಲ್ಲಿ ದಂಡು ಎದ್ದಿತು. ಬೆಳ್ಳಾರೆ ಖಜಾನೆ, ಪುತ್ತೂರು, ಪಾಣೆಮಂಗಳೂರು, ಏಪ್ರಿಲ್ 5ಕ್ಕೆ ಮಂಗಳೂರು. ಅಲ್ಲಿನ ಬಾವುಟಗುಡ್ಡೆಯಲ್ಲಿ 13 ದಿನ ದಂಡಿನ ಬಾವುಟ. ಆಮೇಲೆ ಕಣ್ಣೂರಿನಿಂದ ಕಂಪನಿ ಸೈನ್ಯ, ಮಂಗಳೂರಿನ ಬಿಕರ್ನಕಟ್ಟೆಯಲ್ಲಿ ದಂಡಿನ ನಾಯಕ ಕಲ್ಯಾಣಸ್ವಾಮಿಗೆ ಗಲ್ಲು, ಅಕ್ಟೋಬರ್ 31ರಂದು ಮಡಿಕೇರಿ ಕೋಟೆಯಲ್ಲಿ ಇನ್ನೊಬ್ಬ ಮುಂದಾಳು ಗುಡ್ಡೆಮನೆ ಅಪ್ಪಯ್ಯ ಗೌಡರಿಗೆ ಗಲ್ಲು. ಇಷ್ಟರಲ್ಲಿ ಜಗಳವಿಲ್ಲ.

ಜಗಳ ಇರುವುದು ಹೆಸರಲ್ಲಿ. ಸುಳ್ಯದಲ್ಲಿ ಅದು ಸ್ವಾತಂತ್ರ್ಯ ಸಮರ. ಕಂಪನಿಯ ಕಾಗದದಲ್ಲಿ ದಂಗೆ. ಕೆಳಗಿನ ಊರುಗಳಲ್ಲಿ ಅಜ್ಜಿಯಂದಿರ ಬಾಯಲ್ಲಿ 'ಕಲ್ಯಾಣಪ್ಪನ ಕಾಟಕಾಯಿ', ಅಂದರೆ ಸುಮ್ನೆ ಲೂಟಿ. ಮೂರೂ ಹೇಗೆ ನಿಜ ಆಗುತ್ತದೆ? ನನ್ನ ಅಜ್ಜಿಯೂ ಕಾಟಕಾಯಿ ಅಂತಲೇ ಹೇಳುತ್ತಿದ್ದಳು. "ನಮ್ಮ ಕಣಜ ಬರಿದು ಮಾಡಿ ಹೋದರು" ಅನ್ನುವುದು ಅವಳ ಮಾತು. ಅದು ನಿಜವಾ ಅಂತ ನೋಡಲು ಹೊರಟವನು ನಾನು.

ಮೊದಲ ನಾಲ್ಕು ವರ್ಷ ದಂಡ. ಟೇಪ್ ರೆಕಾರ್ಡರ್ ಹಿಡಿದು ಮನೆ ಮನೆ ಸುತ್ತಿದೆ. ಅರವತ್ತಕ್ಕೂ ಜಾಸ್ತಿ ಮನೆ ಇರಬೇಕು. "ಯುದ್ಧದ ಕಥೆ ಹೇಳಿ" ಅಂದರೆ ಎಲ್ಲರೂ ಹೇಳುತ್ತಾರೆ. ಕೇಳಿದ್ದು, ಓದಿದ್ದು, ಶಾಲೆಯ ನಾಟಕದಲ್ಲಿ ನೋಡಿದ್ದು, ಎಲ್ಲ ಸೇರಿಸಿ ಚಂದ ಮಾಡಿ ಹೇಳುತ್ತಾರೆ. ಒಂದೇ ಕುದುರೆ ಮೂರು ಊರಿನಲ್ಲಿ ಸತ್ತಿದೆ. ಒಬ್ಬರ ಮನೆಯಲ್ಲಿ ಕಾಫಿಗೆ ಮೊದಲು ಅವರ ಹಿರಿಯರು ದಂಡಿನ ಮುಂದಾಳು. ಕಾಫಿ ಆದ ಮೇಲೆ, ನಾನು ಯಾರ ಕಡೆಯವನು ಅಂತ ಅಂದಾಜಿಗೆ ಸಿಗದೆ, ಬರೀ ಅಡುಗೆಯವರು.

ಐದನೇ ವರ್ಷ ಮೆಟಲ್ ಡಿಟೆಕ್ಟರ್ ತರಿಸಿದೆ, ಒಂಬತ್ತು ಸಾವಿರ ಚಿಲ್ಲರೆ. ನಮ್ಮದೇ ತೋಟದಲ್ಲಿ ಮಾತ್ರ ಓಡಿಸಿದೆ. ಸಿಕ್ಕಿದ್ದು ಎತ್ತಿನ ಲಾಳ, ತೋಟಕ್ಕೆ ಬೋರ್ಡೋ ಮದ್ದು ಹೊಡೆಯುವ ಗನ್ನಿನ ನಾಜಲ್ ಮತ್ತು ನನ್ನ ತಮ್ಮ 1988ರಲ್ಲಿ ಕಳೆದುಕೊಂಡ ಪಿಕಾಸಿ. ಪಿಕಾಸಿ ಈಗಲೂ ಬಳಕೆಯಲ್ಲಿದೆ.

ಆಮೇಲೆ ಮದ್ರಾಸು. ನಮ್ಮ ಜಿಲ್ಲೆ 1956ರವರೆಗೆ ಮದ್ರಾಸಿಗೆ ಸೇರಿತ್ತಲ್ಲ, ಹಳೇ ದಾಖಲೆ ಎಲ್ಲ ಎಗ್ಮೋರಿನ ದಾಖಲೆ ಭಂಡಾರದಲ್ಲಿ. ಮಂಗಳೂರು ಮೇಲ್ ರೈಲು ಹತ್ತಿ ಮೂರು ಸಲ ಹೋದೆ. ಪ್ರತಿ ಸಲ ಎಂಟು ಹತ್ತು ದಿನ, ಲಾಡ್ಜು ಊಟ ಸೇರಿ ಹದಿನೈದು ಸಾವಿರ. ಇಂಗ್ಲಿಷ್ ಕೈಬರಹ ಓದಿ ಓದಿ ಕನ್ನಡಕದ ನಂಬರ್ ಏರಿತು. ಜೈಲು ಒಡೆದದ್ದು, ಕಚೇರಿ ಸುಟ್ಟದ್ದು, ಯಾರು ಹೊಣೆ ಅನ್ನುವ ಪತ್ರಗಳ ಜಗಳ, ಇವೆಲ್ಲ ಉಪಯೋಗದ್ದೇ. ಆದರೆ ಬರೆದವನು ಹೆದರಿದ ಅಧಿಕಾರಿ. ತನ್ನ ಕೆಲಸ ಉಳಿಸಿಕೊಳ್ಳಲು ಬರೆದದ್ದು. ಈ ಕಡೆಯದ್ದು ಕೇಳೋಣವೆಂದರೆ ಆಗ ಕನ್ನಡದಲ್ಲಿ ಪತ್ರಿಕೆಯೇ ಇಲ್ಲ. ಮಂಗಳೂರ ಸಮಾಚಾರ ಶುರುವಾದದ್ದು 1843ರಲ್ಲಿ, ದಂಡು ಮುಗಿದು ಆರು ವರ್ಷಕ್ಕೆ.

ಇಲ್ಲಿ ನನ್ನ ಕಸುಬಿನ ಬಗ್ಗೆ ಎರಡು ಮಾತು. ನಾನು 31 ವರ್ಷ ಒಂದು ಹಳ್ಳಿ ಸೊಸೈಟಿಯಲ್ಲಿ ಲೆಕ್ಕ ಬರೆದವನು. ಜನ ಸುಳ್ಳು ಹೇಳುತ್ತಾರೆ. ಪುಸ್ತಕವೂ ಹೇಳುತ್ತದೆ. ಆದರೆ ಪುಸ್ತಕ ಸುಳ್ಳು ಹೇಳಿದರೆ ಎಲ್ಲೋ ಒಂದು ಕಡೆ ಟೋಟಲ್ ತಾಳೆಯಾಗುವುದಿಲ್ಲ. ಒಂದು ರಾತ್ರಿ ನಿದ್ದೆ ಬಾರದೆ ಹೊರಳುವಾಗ ಹೊಳೆಯಿತು. ಸಾವಿರಗಟ್ಟಲೆ ಜನ ಈ ದಾರಿಯಲ್ಲಿ ನಡೆದರು. ಅವರು ಏನು ತಿಂದರು? ಆ ಅಕ್ಕಿ ಯಾರದೋ ಕಣಜದಿಂದ ಹೋಗಿದೆ. ಅಕ್ಕಿ ಹೋದರೆ ನಮ್ಮ ಕಡೆ ಬರೆಯದೆ ಇರುತ್ತಾರಾ?

ಮರುದಿನದಿಂದ ಯುದ್ಧದ ಸುದ್ದಿ ಎತ್ತುವುದು ನಿಲ್ಲಿಸಿದೆ. "ನಿಮ್ಮಲ್ಲಿ ಹಳೇ ಗೇಣಿ ಲೆಕ್ಕದ ಕಡತ, ತಾಳೆಗರಿ ಓಲೆ ಏನಾದರೂ ಉಂಟಾ?" ಅಂತ ಮಾತ್ರ ಕೇಳಿದೆ. ಗೇಣಿ ಅಂದ ಕೂಡಲೇ ಎಷ್ಟೋ ಮನೆಯಲ್ಲಿ ಬಾಗಿಲು ಮುಚ್ಚಿತು. ಭೂಮಸೂದೆಯಲ್ಲಿ ಜಾಗ ಹೋದವರಿಗೆ ಇನ್ನೂ ಕಹಿ. ಬಾಗಿಲು ತೆರೆಸಲು ನಾನೊಂದು ಉಪಾಯ ಮಾಡುತ್ತೇನೆ. ಅದನ್ನು ಇಲ್ಲಿ ಬರೆಯುವುದಿಲ್ಲ, ಇನ್ನೂ ಏಳೆಂಟು ಮನೆ ಬಾಕಿ ಇದೆ.

ಎಲ್ಲ ಮನೆ ಸುತ್ತಲು ಆಗುವುದಿಲ್ಲ. ಎಲ್ಲಿ ಹುಡುಕಬೇಕು ಅಂತ ತಿಳಿಯಲು ಒಂದು ಹುಚ್ಚು ಪ್ರಯೋಗ ಮಾಡಿದೆ. ಈಗ ಅಕ್ಕಿಮುಡಿ ಕಟ್ಟುವವರೇ ಇಲ್ಲ. ಹುಡುಕಿ, ಎಂಬತ್ತು ದಾಟಿದ ಒಬ್ಬ ಅಜ್ಜನಿಗೆ ಒಂದೂವರೆ ಸಾವಿರ ಕೊಟ್ಟು ಬೈಹುಲ್ಲಿನಲ್ಲಿ ಒಂದು ಮುಡಿ ಕಟ್ಟಿಸಿದೆ. ಮೂರು ಕಳಸೆ, 42 ಸೇರು, ತೂಕಕ್ಕೆ 38 ಕಿಲೋ ಹತ್ತಿರ. ಅಜ್ಜ ಕೊಡತಿಯಲ್ಲಿ ಬಡಿದು ಬಡಿದು ಅದನ್ನು ಗುಂಡಗೆ ಮಾಡಿದ ರೀತಿ ನೋಡಬೇಕಿತ್ತು. ಆ ಮುಡಿಯನ್ನು ನನ್ನ ಅಕ್ಕನ ಮಗನ ತಲೆ ಮೇಲಿಟ್ಟು ಬೆಳ್ಳಾರೆಯಿಂದ ಪುತ್ತೂರಿಗೆ ಹೊರಡಿಸಿದೆ. ಜಿಮ್ಮಿಗೆ ಹೋಗುವ ಹುಡುಗ. ನಾಲ್ಕನೇ ಕಿಲೋಮೀಟರಿನಲ್ಲಿ ಮುಡಿ ರಸ್ತೆ ಬದಿಗೆ ಇಳಿಸಿ, "ಮಾವ, ಇನ್ನು ಆಟೋ ಮಾಡಿ" ಅಂದ.

ನಾವು ನಕ್ಕೆವು. ಆದರೆ ಉತ್ತರ ಸಿಕ್ಕಿತು. ದಂಡು ಅಕ್ಕಿ ಹೊತ್ತು ನಡೆದಿಲ್ಲ. ಅರ್ಧ ದಿನದ ದಾರಿಗೊಂದು ದೊಡ್ಡ ಮನೆಯಲ್ಲಿ ಉಂಡು ನಡೆದಿದೆ. ಹಾಗಾದರೆ ಬೆಳ್ಳಾರೆಯಿಂದ ಹನ್ನೆರಡು ಹದಿನಾಲ್ಕು ಕಿಲೋಮೀಟರಿನ ಆಸುಪಾಸು, ನೀರು ಇರುವ ಕಡೆ, ದೊಡ್ಡ ಅಂಗಳದ ಮನೆ. ಅಂಥವು ನಾಲ್ಕೇ ಇದ್ದವು.

ಮೊದಲ ಮನೆಯಲ್ಲೇ ಹೇವಿಳಂಬಿ ಸಂವತ್ಸರದ ಕಟ್ಟು ಸಿಕ್ಕಿತು. 1837 ಅಂದರೆ ಹೇವಿಳಂಬಿ ಅಂತ ಎಲ್ಲರಿಗೂ ಗೊತ್ತು. ಕುಣಿದಾಡಿದೆ. ಐದು ತಿಂಗಳು ಕೂತು ಅಷ್ಟನ್ನೂ ಪ್ರತಿ ಮಾಡಿದೆ. ಅಕ್ಕಿ ಜಾಸ್ತಿ ಹೋದ ಒಂದು ತಿಂಗಳು ಕಂಡು, ಇದೇ ದಂಡು ಅಂತ ನಾಲ್ಕು ಜನರಿಗೆ ಹೇಳಿಯೂ ಬಿಟ್ಟೆ. ಕೊನೇ ಹಾಳೆಗಳ ಹತ್ತಿರ ಒಂದು ಸಾಲು: ಚಿಮಿಣಿ ಎಣ್ಣೆ, ಎರಡು ಬಾಟ್ಲಿ. ಮೈ ತಣ್ಣಗಾಯಿತು. 1837ರಲ್ಲಿ ಎಲ್ಲಿಯ ಚಿಮಿಣಿ ಎಣ್ಣೆ? ಅದು ಅರವತ್ತು ವರ್ಷ ತಿರುಗಿ ಬಂದ ಹೇವಿಳಂಬಿ, 1897. ಜಾಸ್ತಿ ಅಕ್ಕಿ ಹೋದದ್ದು ಯಾರದೋ ಮದುವೆಗೆ. ಆ ನಾಲ್ಕು ಜನ ಇವತ್ತಿಗೂ ನನ್ನನ್ನು ಕಂಡರೆ "ಮದುವೆ ಊಟ ಹೇಗಿತ್ತು?" ಅನ್ನುತ್ತಾರೆ.

ಎರಡನೇ ಮನೆಯದ್ದು ಬೇರೆ ಸಂಕಟ. ಅಟ್ಟದಲ್ಲಿ ಕಪ್ಪು ಕಡತ ಇತ್ತು. ಹುಣಸೆ ಬೀಜದ ಅಂಟು, ಇದ್ದಿಲು ಬಳಿದ ಬಟ್ಟೆಯ ಮೇಲೆ ಬಳಪದಲ್ಲಿ ಬರೆದದ್ದು. ಮೇಲಿನ ಮಡಿಕೆಯಲ್ಲಿ ಅಕ್ಷರ ಸ್ಪಷ್ಟ. ಮಳೆ ಬಂದು ಕತ್ತಲಾಯಿತು, ಮುಂದಿನ ವಾರ ಕ್ಯಾಮೆರಾ ತರುತ್ತೇನೆ ಅಂದೆ. ಹೋದಾಗ ಆ ಮನೆಯ ಅಮ್ಮ ನಗುನಗುತ್ತಾ ತಂದಿಟ್ಟರು. "ನೀವು ಬರ್ತೀರಿ ಅಂತ ಚಂದ ಒದ್ದೆ ಬಟ್ಟೆಯಲ್ಲಿ ಒರೆಸಿ ಇಟ್ಟಿದ್ದೇನೆ. ಎಷ್ಟು ಧೂಳು ಮಾರಾಯ್ರೆ!" ಪೂರಾ ಕಪ್ಪು. ನಾನು ಚಹಾ ಕುಡಿದು, ಉಪಕಾರ ಆಯ್ತು ಅಮ್ಮ ಅಂತ ಹೇಳಿ, ಗೇಟು ದಾಟಿ ಬೈಕ್ ಪಕ್ಕ ಕೂತುಬಿಟ್ಟೆ. ಮೊಬೈಲ್ ಟಾರ್ಚನ್ನು ಅಡ್ಡ ಹಿಡಿದರೆ ಬಳಪ ಒತ್ತಿದ ಗೆರೆ ಸ್ವಲ್ಪ ಕಾಣುತ್ತದೆ. ಕಾಲು ಭಾಗ ಹಾಗೆ ಓದಿದೆ. ಇನ್ನು ಕಾಲು ಭಾಗ ಓದಿದ್ದು ಇನ್ನೊಂದು ವಿಧಾನದಲ್ಲಿ. ಅದು ನನ್ನ ಹತ್ತಿರವೇ ಇರಲಿ.

ಮೂರನೇ ಮನೆಯಲ್ಲಿ ಓಲೆ ಕಟ್ಟುಗಳು. ಹೇವಿಳಂಬಿ ಇತ್ತು, ಈ ಸಲ ಹಳೆಯದ್ದೇ. ಆದರೆ ಮಂಗಳೂರಿಗೆ ಹೋದ ದಂಡಿನ ಸುದ್ದಿಯೇ ಇಲ್ಲ. ಮೇಷ ತಿಂಗಳು, ಅಂದರೆ ನಮ್ಮ ತುಳುವಿನ ಪಗ್ಗುವಿನಿಂದ ಶುರು. ಆ ತಿಂಗಳ ಹತ್ತನೇ ದಿನ ದಾಟಿದ ಮೇಲೆ ಒಂದು ಸಾಲು: ದಂಡಿಗೆ ನಾಲ್ಕು ಮುಡಿ ಹೋದದ್ದು. ಅಷ್ಟೇ. ಅಲ್ಲಿ ಏಪ್ರಿಲ್ 20 ಕಳೆದಿದೆ, ಮಂಗಳೂರಿನಲ್ಲಿ ಎಲ್ಲ ಮುಗಿದಿದೆ. ಹಾಗಾದರೆ ಇದು ಯಾರ ದಂಡು?

ವಾಪಸ್ ಬರುವಾಗ ಬಸ್ಸಿನಲ್ಲಿ ಕ್ಯಾಲೆಂಡರ್ ಲೆಕ್ಕ ಹಾಕಿದೆ, ಟಿಕೆಟ್ ಹಿಂದೆ. ನಮ್ಮ ಸೀಮೆಯಲ್ಲಿ ವರ್ಷ ಬದಲಾಗುವುದು ಬಿಸುವಿಗೆ, ಅಂದರೆ ಸೌರ ಯುಗಾದಿಗೆ. ಆ ವರ್ಷ ಬಿಸು ಏಪ್ರಿಲ್ 12ರ ಹೊತ್ತಿಗೆ ಬಿದ್ದಿದೆ. ದಂಡು ಬೆಳ್ಳಾರೆಗೆ ಬಂದದ್ದು ಮಾರ್ಚ್ ಕೊನೆಗೆ, ಮಂಗಳೂರು ಸೇರಿದ್ದು ಏಪ್ರಿಲ್ 5ಕ್ಕೆ. ಅಂದರೆ ಪಗ್ಗುವಿನ ಹಿಂದಿನ ಸುಗ್ಗಿ ತಿಂಗಳು. ಅಂದರೆ ಇನ್ನೂ ಹಿಂದಿನ ಸಂವತ್ಸರ, ದುರ್ಮುಖಿ! ನಾವೆಲ್ಲ 1837 ಅಂದ ಕೂಡಲೇ ಹೇವಿಳಂಬಿ ಬಿಚ್ಚುತ್ತೇವೆ. ದಂಡು ಹೊರಟದ್ದು ಹಿಂದಿನ ವರ್ಷದ ಕಟ್ಟಿನ ಕೊನೇ ಓಲೆಗಳಲ್ಲಿ ಇದೆ. ನನಗೆ ಗೊತ್ತಿರುವ ಮಟ್ಟಿಗೆ ನನಗಿಂತ ಮುಂಚೆ ಹೋದ ಯಾರೂ ಆ ಕಟ್ಟು ಬಿಚ್ಚಿಸಿಲ್ಲ. ಈ ಗುಟ್ಟು ಮಾತ್ರ ಪುಕ್ಕಟೆ ಕೊಡುತ್ತಿದ್ದೇನೆ, ಯಾರಾದರೂ ಕೊಡಗಿನ ಕಡೆಯೂ ನೋಡಲಿ ಅಂತ.

ಮರುದಿನವೇ ಅದೇ ಮನೆ. ಮನೆಯವರು "ನಿನ್ನೆ ಕೊಡೆ ಬಿಟ್ಟು ಹೋದಿರಾ?" ಅಂದರು. ದುರ್ಮುಖಿ ಕಟ್ಟು ತೆರೆದೆ. ಸುಗ್ಗಿ ಇಪ್ಪತ್ತರ ಆಸುಪಾಸಿನ ಓಲೆ, ಅಂಚು ಹುಳ ತಿಂದಿದೆ, ನಡುವೆ ಗಟ್ಟಿ. ದಂಡಿಗೆ ಆರು ಮುಡಿ ಕೊಟ್ಟದ್ದು. ಪಕ್ಕದಲ್ಲಿ ಉಪ್ಪು, ಮೆಣಸು, ಬೆಲ್ಲ. ಆರು ಮುಡಿ ಅಂದರೆ ನಾನೂರು ಐನೂರು ಜನರ ಒಂದು ದಿನದ ಊಟ.

ಸುಗ್ಗಿಯಲ್ಲಿ ಹೊರಟ ದಂಡಿಗೆ 'ಕೊಟ್ಟದ್ದು'. ಪಗ್ಗುವಿನಲ್ಲಿ ಬಂದ ಕಂಪನಿ ಕಡೆಯ ದಂಡಿಗೆ 'ಹೋದದ್ದು'. ಕೈಬರಹ ಒಂದೇ, ಹೆಸರು ಎರಡಕ್ಕೂ ದಂಡು. ಕ್ರಿಯಾಪದ ಮಾತ್ರ ಬೇರೆ. ಅದು ಕೈತಪ್ಪಿ ಬಂದದ್ದಲ್ಲ ಅಂತ ಹೇಗೆ ಹೇಳುತ್ತೀರಿ ಅಂತ ಪ್ರೊಫೆಸರು ಕೇಳಿದರು. ಇಡೀ ಕಟ್ಟು ನೋಡಿದೆ ಸ್ವಾಮಿ. ದೇವಸ್ಥಾನಕ್ಕೆ ಕೊಟ್ಟದ್ದು, ಮಗಳ ಮನೆಗೆ ಕೊಟ್ಟದ್ದು. ಕಂದಾಯಕ್ಕೆ ಹೋದದ್ದು, ಇಲಿ ತಿಂದು ಹೋದದ್ದು. ಲೆಕ್ಕ ಬರೆಯುವವನಿಗೆ ಆ ವ್ಯತ್ಯಾಸ ಗೊತ್ತಿರುತ್ತದೆ.

ಹಾಗಂತ ಸಮರ ಪಕ್ಷದವರು ಪಟಾಕಿ ಹೊಡೆಯುವುದು ಬೇಡ. ಒರೆಸಿದ ಕಡತದ ಮನೆಯಲ್ಲಿ ಸುಗ್ಗಿಯ ದಂಡಿಗೂ 'ಹೋದದ್ದು' ಅಂತಲೇ ಇದೆ, ಜೊತೆಗೆ ಎರಡು ಎತ್ತು. ಒಂದು ಗುಡ್ಡದ ಈಚೆ ಸಮರ, ಆಚೆ ಕಾಟಕಾಯಿ. ಎರಡು ಮನೆಗೂ ನಡುವೆ ದೂರ ಮೂರು ಕಿಲೋಮೀಟರ್ ಇಲ್ಲ.

ಮಧ್ಯೆ ಒಂದು ಸಲ ಕೊಡಗಿಗೂ ಹೋಗಿದ್ದೆ, ಪದಕ ನೋಡಲು. ದಂಡನ್ನು ಅಡಗಿಸಲು ನೆರವಾದ ಕೊಡವರಿಗೆ ಕಂಪನಿ ಚಿನ್ನದ, ಬೆಳ್ಳಿಯ ಪದಕ ಕೊಟ್ಟಿತ್ತಲ್ಲ. ಅದರಲ್ಲಿ ಇಂಗ್ಲಿಷೂ ಇದೆ, ಕನ್ನಡವೂ ಇದೆ. ಆ ಮನೆಯ ಹಿರಿಯರು ಕೈಗೆ ಕೊಟ್ಟರು. ಅಂಗೈ ತುಂಬುವ ಭಾರ. "ಮೊದಲು ಮದುವೆಗೆಲ್ಲ ಹೊರಗೆ ತೆಗೆಯುತ್ತಿದ್ದೆವು. ಈಗ ಬ್ಯಾಂಕ್ ಲಾಕರಿನಲ್ಲಿ" ಅಂದರು. ಯಾಕೆ ಅಂತ ನಾನು ಕೇಳಲಿಲ್ಲ. 2022ರಲ್ಲಿ ಬಾವುಟಗುಡ್ಡೆಯಲ್ಲಿ ದಂಡಿನ ಮುಂದಾಳು ಕೆದಂಬಾಡಿ ರಾಮಯ್ಯ ಗೌಡರ ಪ್ರತಿಮೆ ನಿಂತಿತು. ಗಾಳಿ ತಿರುಗಿದೆ ಅಂತ ಅವರಿಗೂ ಗೊತ್ತು. ಅವರು ಹಾಕಿದ ಊಟ ಮಾತ್ರ ಮರೆಯುವುದಿಲ್ಲ, ಕಡುಬು ಮತ್ತು ಹಂದಿ ಸಾರು.

ಕೊನೆಗೆ ನಮ್ಮ ಮನೆ. ನಮ್ಮ ಓಲೆಗಳು ಚಿಕ್ಕಪ್ಪನ ಮಗನ ಹತ್ತಿರ ಇದ್ದವು, ಪಾಲಿನ ತಕರಾರಿನಿಂದ ಮಾತಿರಲಿಲ್ಲ. ಈ ಬೇಸಿಗೆಯಲ್ಲಿ ಹೋಗಿ ಕೇಳಿದೆ, ಕೊಟ್ಟ. ದುರ್ಮುಖಿ ಕಟ್ಟು ಪೂರ್ತಿ ಇದೆ, ಒಂದು ಓಲೆಯೂ ತಪ್ಪಿಲ್ಲ. ಸುಗ್ಗಿಯಲ್ಲಿ ದಂಡಿನ ಹೆಸರೇ ಇಲ್ಲ. ಕಣಜ ಬರಿದಾಗಿಲ್ಲ, ಲೂಟಿ ಇಲ್ಲ, ದಾನವೂ ಇಲ್ಲ. ಅಜ್ಜಿಯ ಕಥೆ ಮುಗಿಯಿತು ಅಂದುಕೊಂಡು, ಹಳೇ ಚಾಳಿ, ತಿಂಗಳ ಟೋಟಲ್ ಹಾಕಿದೆ. ಬಂದದ್ದು, ಖರ್ಚು, ಉಳಿದದ್ದು. ಎರಡು ಮುಡಿ ಕಮ್ಮಿ. ಇನ್ನೊಮ್ಮೆ ಹಾಕಿದೆ. ತಮ್ಮನ ಕೈಯಲ್ಲೂ ಹಾಕಿಸಿದೆ. ಎರಡು ಮುಡಿ ಕಮ್ಮಿಯೇ. ಅದರ ಹಿಂದಿನ ಹನ್ನೊಂದು ತಿಂಗಳು ಒಂದು ಸೇರು ಕೂಡ ತಪ್ಪಿಲ್ಲ.

"ಕೊಟ್ಟದ್ದು ಅಂತ ಬರೆದುಬಿಡು, ಈಗ ಅದಕ್ಕೇ ಮರ್ಯಾದೆ" ಅಂತ ತಮ್ಮ ಹೇಳುತ್ತಾನೆ. ನಾನು ನನ್ನ ಪುಸ್ತಕದಲ್ಲಿ ಪೆನ್ಸಿಲಿನಲ್ಲಿ ಎರಡು ಮುಡಿ ವ್ಯತ್ಯಾಸ ಅಂತ ಬರೆದು, ಮುಂದೆ ಜಾಗ ಬಿಟ್ಟಿದ್ದೇನೆ.