ಅಮೀಬಾ ಕರುಳು ಕೊರೆಯುವುದು ಹೇಗೆ, ತಡೆಯುವುದು ಹೇಗೆ?

ಮಟನ್ ಬೇಗ ಬೇಯಲಿ ಅಂತ ಹಸಿ ಪಪ್ಪಾಯಿ ಅರೆದು ಹಚ್ಚುತ್ತಾರಲ್ವಾ? ಪಪ್ಪಾಯಿ ಹಾಲಿನಲ್ಲಿರುವ ಪಪೇನ್ ಎಂಬ ಕಿಣ್ವ ಮಾಂಸದ ಪ್ರೋಟೀನನ್ನು ತುಂಡರಿಸುತ್ತದೆ. ಆಮಶಂಕೆ ತರುವ ಅಮೀಬಾ ಎಂಬ ಒಂದೇ ಕೋಶದ ಜೀವಿಯ ಬಳಿ ಇರುವುದೂ ಅದೇ ಕುಟುಂಬದ ಕಿಣ್ವ, ಸಿಸ್ಟೀನ್ ಪ್ರೋಟಿಯೇಸ್. ಆದರೆ ಇಲ್ಲಿ ಮೆತ್ತಗಾಗುವುದು ನಮ್ಮ ಕರುಳು. ಈ ಅಮೀಬಾಗೆ 1903ರಲ್ಲಿ ಇಟ್ಟ ಹೆಸರೇ ಎಂಟಮೀಬಾ ಹಿಸ್ಟೊಲಿಟಿಕಾ, ಅಂದರೆ ಅಂಗಾಂಶ ಕರಗಿಸುವಂಥದ್ದು.

ಮೊದಲು ಒಳಗೆ ಬರುವ ದಾರಿ ನೋಡೋಣ. ಹುಬ್ಬಳ್ಳಿ-ಧಾರವಾಡದ ಎಷ್ಟೋ ಓಣಿಗಳಲ್ಲಿ ನಳ ದಿನಾ ಬರುವುದಿಲ್ಲ, ಬಂದ ದಿನ ಕೊಡ, ಬ್ಯಾರಲ್ ಎಲ್ಲ ತುಂಬಿಟ್ಟು ಮುಂದಿನ ಸರ್ತಿಯವರೆಗೆ ಅದನ್ನೇ ಬಳಸುತ್ತೇವೆ. ಅದರಲ್ಲಿ ಒಂದು ಕೊಳಕು ಕೈ ಅದ್ದಿದರೂ ಸಾಕು. ಸೋಂಕಿದವರ ಮಲದಲ್ಲಿ ಅಮೀಬಾ ಸಿಸ್ಟ್ ಆಗಿ, ಅಂದರೆ ಕವಚದೊಳಗೆ ಮಲಗಿದ ರೂಪದಲ್ಲಿ ಹೊರಬರುತ್ತದೆ. ಆ ಕವಚ ಗಟ್ಟಿ, ನಳದ ನೀರಿನ ಕ್ಲೋರಿನ್‌ಗೆ ಅದು ಅಷ್ಟಾಗಿ ಜಗ್ಗುವುದಿಲ್ಲ.

ಸಣ್ಣ ಕರುಳಲ್ಲಿ ಸಿಸ್ಟ್ ಒಡೆದು ಅಮೀಬಾ ಹೊರಬಂದು ದೊಡ್ಡ ಕರುಳಿಗೆ ಇಳಿಯುತ್ತದೆ. ಹತ್ತರಲ್ಲಿ ಒಂಬತ್ತು ಮಂದಿಗೆ ಏನೂ ಆಗುವುದಿಲ್ಲ, ಸುಮ್ನೆ ಇದ್ದುಬಿಡುತ್ತದೆ. ಉಳಿದವರಲ್ಲಿ ಕತ್ತರಿ ಕೆಲಸ ಶುರು. ಕರುಳಿನ ಗೋಡೆ ಕಾಯುವ ಲೋಳೆಯನ್ನು ಕಿಣ್ವ ಮೊದಲು ಕತ್ತರಿಸುತ್ತದೆ. ಆಮೇಲೆ ಅಮೀಬಾ ಜೀವಕೋಶಕ್ಕೆ ಅಂಟಿಕೊಂಡು ಅದನ್ನು ಕೊಲ್ಲುತ್ತದೆ, ಕೋಶಗಳನ್ನು ಹಿಡಿದಿಟ್ಟ ಕೊಲಾಜನ್ನನ್ನೂ ಕಿಣ್ವ ಕರಗಿಸುತ್ತದೆ. ಒಳಗೆ ಹೋದ ಮೇಲೆ ಅಕ್ಕಪಕ್ಕ ಹರಡುವುದರಿಂದ ಹುಣ್ಣು ತಂಬಿಗೆಯ ಹಾಗೆ ಆಗುತ್ತದೆ, ಬಾಯಿ ಸಣ್ಣದು, ತಳ ಅಗಲ. ತಮಾಷೆ ನೋಡಿ, ಕಾಪಾಡಲು ಓಡಿಬಂದ ಬಿಳಿ ರಕ್ತಕಣಗಳನ್ನೂ ಅದು ಕೊಲ್ಲುತ್ತದೆ, ಅವು ಒಡೆದಾಗ ಚೆಲ್ಲುವ ನಮ್ಮದೇ ಕಿಣ್ವಗಳಿಂದ ಗಾಯ ಇನ್ನೂ ಜಾಸ್ತಿ. ರಕ್ತದ ಜೊತೆ ಪಿತ್ತಜನಕಾಂಗಕ್ಕೆ ಹೋದರೆ ಅಲ್ಲಿ ಕೀವುಗಡ್ಡೆ.

ತಡೆಯಲು ನೀರು ಕುದಿಸಿ. ಬಿಸಿ ಆದರೆ ಸಾಲದು, ಕೊತಕೊತ ಕುದಿಯುವಂತೆ ಒಂದು ನಿಮಿಷ ಬಿಡಿ. ಕೊಡಕ್ಕೆ ಕೈ ಹಾಕಬೇಡಿ, ಹಿಡಿ ಇರುವ ಸವಟು ಇಡಿ. ಸಂಡಾಸಿಗೆ ಹೋಗಿಬಂದು ಸೋಪು ಹಚ್ಚಿ ಕೈ ತೊಳೆಯಿರಿ. ಗಿರ್ಮಿಟ್ ಮೇಲಿನ ಹಸಿ ಉಳ್ಳಾಗಡ್ಡಿ ಮನೆಯಲ್ಲೇ ತೊಳೆದು ಹೆಚ್ಚಿದ್ದಾದರೆ ಒಳ್ಳೆಯದು (ಗಿರ್ಮಿಟ್ ಬಿಡಿ ಅಂತ ನಾನಂತೂ ಹೇಳಲ್ಲ).

ಮಲದಲ್ಲಿ ಲೋಳೆ, ರಕ್ತ ಕಂಡರೆ ಭೇದಿ ಕಟ್ಟುವ ಗುಳಿಗೆ ನುಂಗಿ ಕೂಡಬೇಡಿ, ಡಾಕ್ಟರ್ ಹತ್ತಿರ ಹೋಗಿ. ಪರೀಕ್ಷೆಗೆ ಮಲ ಆದಷ್ಟು ತಾಜಾ ಕೊಡಿ, ತಡವಾದರೆ ಓಡಾಡುವ ಅಮೀಬಾ ಸತ್ತುಹೋಗುತ್ತದೆ. ಮೆಟ್ರೊನಿಡಜೋಲ್ ಎಂಬ ಔಷಧಿ ಕರುಳಿನ ಗೋಡೆಯೊಳಗಿನ ಅಮೀಬಾ ಕೊಲ್ಲುತ್ತದೆ, ಕರುಳಲ್ಲಿ ಉಳಿದ ಸಿಸ್ಟ್‌ಗೆ ಡೈಲಾಕ್ಸನೈಡ್‌ನಂಥ ಎರಡನೇ ಔಷಧಿ ಬೇಕು. ಕೆಲವೇ ದಿನಕ್ಕೆ ಹೊಟ್ಟೆ ಸರಿಹೋದಂತೆ ಅನಿಸಬಹುದು, ಅಲ್ಲೇ ಗುಳಿಗೆ ಬಿಡಬೇಡಿ. ಎರಡನೇ ಔಷಧಿ ಬೇಕೇ ಅಂತ ನೀವೇ ಕೇಳಿ.