ಆರ್‌ಎಕ್ಸ್ 100 ಇಂಡಿಕೇಟರ್‌ಗೆ ಎಲ್‌ಇಡಿ: ನಾನು ಮಾಡಿದ ರೀತಿ

ಯಮಹಾ ಆರ್‌ಎಕ್ಸ್ 100 ಬೈಕಿನ ನಾಲ್ಕೂ ಇಂಡಿಕೇಟರ್‌ಗೆ ಎಲ್‌ಇಡಿ ಬಲ್ಬ್ ಹಾಕಿ ಸ್ವಿಚ್ ಒತ್ತಿದರೆ ದೀಪ ಹತ್ತಿಕೊಂಡೇ ನಿಲ್ಲುತ್ತದೆ, ಇಲ್ಲವೇ ಸಿಕ್ಕಾಪಟ್ಟೆ ವೇಗವಾಗಿ ಮಿಟುಕುತ್ತದೆ. ಬಲ್ಬ್ ಕೆಟ್ಟಿದೆ ಎಂದು ಅಂಗಡಿಗೆ ವಾಪಸ್ ಒಯ್ಯಬೇಡಿ. ಇಂಡಿಕೇಟರನ್ನು ಮಿಟುಕಿಸುವ ಹಳೆಯ ಫ್ಲಾಷರ್ ಕೆಲಸ ಮಾಡುವುದೇ ಬಲ್ಬ್ ಎಳೆಯುವ ಕರೆಂಟಿನ ಮೇಲೆ. 10 ವ್ಯಾಟಿನ ಎರಡು ಬಲ್ಬ್ ಸೇರಿ 12 ವೋಲ್ಟಿನಲ್ಲಿ ಸುಮಾರು 1.7 ಆಂಪಿಯರ್ ಎಳೆಯುತ್ತವೆ. ಎಲ್‌ಇಡಿಗೆ ಅದರ ಹತ್ತರಲ್ಲೊಂದು ಭಾಗ ಸಾಕು.

ಹಳೆಯ ಬಲ್ಬಿನಷ್ಟೇ ಕರೆಂಟ್ ಎಳೆಯಲೆಂದು ಕೆಲವರು ಲೋಡ್ ರೆಸಿಸ್ಟರ್ ಹಾಕುತ್ತಾರೆ. ಅದು ಕೈ ಸುಡುವಷ್ಟು ಬಿಸಿಯಾಗುತ್ತದೆ, ಉಳಿಸಿದ ಕರೆಂಟನ್ನೂ ತಿಂದುಹಾಕುತ್ತದೆ. ನಾನು ಹಾಕುವುದು ಮೂರು ಪಿನ್ನಿನ ಎಲೆಕ್ಟ್ರಾನಿಕ್ ಫ್ಲಾಷರ್. ಬಿ (ಬ್ಯಾಟರಿ) ಪಿನ್ನಿಗೆ ಕಂದು ತಂತಿ, ಎಲ್ (ದೀಪ) ಪಿನ್ನಿಗೆ ಕಂದು-ಬಿಳಿ ತಂತಿ, ಇ (ಅರ್ತ್) ಪಿನ್ನಿನಿಂದ ಚಾಸಿಗೆ ಹೊಸದೊಂದು ಅರ್ತ್. ಇಷ್ಟು ಹಳೆಯ ಗಾಡಿಯಲ್ಲಿ ಯಾರು ಯಾವ ಬಣ್ಣದ ತಂತಿ ಎಳೆದಿರುತ್ತಾರೋ, ಮಲ್ಟಿಮೀಟರ್ ಇಟ್ಟು ನೋಡಿಯೇ ಜೋಡಿಸಿ.

ಆಮೇಲೆ ಬರುವ ತೊಂದರೆ ಎಡಕ್ಕೆ ಹಾಕಿದರೆ ನಾಲ್ಕೂ ಮಿಟುಕುವುದು. ಮೀಟರಿನಲ್ಲಿ ಒಂದೇ ಸಿಗ್ನಲ್ ದೀಪವಿದ್ದರೆ ಅದು ಎಡ-ಬಲ ತಂತಿಗಳ ನಡುವೆ ಕೂತಿರುತ್ತದೆ. ಇನ್ನೊಂದು ಬದಿಯ ಬಲ್ಬಿನ ಮೂಲಕವೇ ಅದಕ್ಕೆ ಅರ್ತ್. ಆ ಸಣ್ಣ ಕರೆಂಟಿಗೆ ಹಳೆಯ ಬಲ್ಬಿನ ತಂತು ಕೆಂಪಾಗುವುದೂ ಇಲ್ಲ, ಎಲ್‌ಇಡಿಗೆ ಮಾತ್ರ ಅದು ಧಾರಾಳ. ಎರಡು 1ಎನ್4007 ಡಯೋಡ್ ತನ್ನಿ, ಇವು ಕರೆಂಟನ್ನು ಒಂದೇ ದಿಕ್ಕಿಗೆ ಬಿಡುತ್ತವೆ. ಬೆಳ್ಳಿ ಪಟ್ಟಿಯ ತುದಿಗಳೆರಡನ್ನೂ ಕೂಡಿಸಿ ಮೀಟರ್ ದೀಪದ ಒಂದು ತಂತಿಗೆ ಬೆಸುಗೆ ಹಾಕಿ. ಉಳಿದ ತುದಿಗಳಲ್ಲಿ ಒಂದು ಎಡದ ತಂತಿಗೆ, ಇನ್ನೊಂದು ಬಲದ ತಂತಿಗೆ. ದೀಪದ ಎರಡನೇ ತಂತಿಯನ್ನು ಅರ್ತಿಗೆ ಕೊಡಿ. ಬೆಸುಗೆಯ ಮೇಲೆ ಹೀಟ್ ಶ್ರಿಂಕ್ ಟ್ಯೂಬ್ (ಬಿಸಿ ಮಾಡಿದರೆ ಕುಗ್ಗಿ ಬಿಗಿಯಾಗುವ ಕೊಳವೆ) ಬೇಕೇ ಬೇಕು.

ಬಲ್ಬ್ ಕೊಳ್ಳುವಾಗ ಸುತ್ತಲೂ ಚಿಪ್ ಇರುವುದನ್ನೇ ಆರಿಸಿ. ತುದಿಯಲ್ಲಷ್ಟೇ ಚಿಪ್ ಇದ್ದರೆ ರಿಫ್ಲೆಕ್ಟರ್ ತುಂಬುವುದಿಲ್ಲ, ಹೊರಗೆ ಬರೀ ಚುಕ್ಕೆ ಕಾಣುತ್ತದೆ. ಕಿತ್ತಳೆ ಗಾಜಿಗೆ ಕಿತ್ತಳೆ ಎಲ್‌ಇಡಿಯೇ ಸರಿ. ಬಿಳಿ ಹಾಕಿದರೆ ಬಣ್ಣ ಪೇಲವವಾಗುತ್ತದೆ. ಕೊಟ್ಟಿಗೆಹಾರದಿಂದ ಚಾರ್ಮಾಡಿ ಘಾಟಿ ಇಳಿಯುವಾಗ ಮಂಜಿನಲ್ಲಿ ಹಿಂದಿನ ಬಸ್ಸಿನವನಿಗೆ ಕಾಣಬೇಕಾದ ದೀಪವಿದು, ಇಲ್ಲಿ ಜಿಪುಣತನ ಬೇಡ. 6 ವೋಲ್ಟಿನ ಗಾಡಿಯಾದರೆ ಬಲ್ಬ್, ಫ್ಲಾಷರ್ ಎರಡೂ 6 ವೋಲ್ಟಿನವೇ ಆಗಬೇಕು.

ನಮ್ಮ ಮಲೆನಾಡಿನ ಮಳೆಗೆ ಹೋಲ್ಡರ್ ತುಕ್ಕು ಹಿಡಿಯುವುದು ಸಾಮಾನ್ಯ. ಉಪ್ಪುಕಾಗದದಿಂದ ಹೊಳೆಯುವವರೆಗೆ ಉಜ್ಜಿ, ಹೋಲ್ಡರಿನಿಂದ ಚಾಸಿಗೆ ಬೇರೆಯೇ ಅರ್ತ್ ತಂತಿ ಎಳೆಯಿರಿ, ಗಾಜಿನ ಗ್ಯಾಸ್ಕೆಟ್ ಹೊಸದು ಹಾಕಿ.

ಕೊನೆಗೆ ಎಂಜಿನ್ ರೇಸ್ ಮಾಡಿ ಬ್ಯಾಟರಿಯ ವೋಲ್ಟೇಜ್ ನೋಡಿ. 12 ವೋಲ್ಟಿನ ಗಾಡಿಯಲ್ಲಿ ಅದು 15 ದಾಟಿದರೆ ಮೊದಲು ವೋಲ್ಟೇಜನ್ನು ಮಿತಿಯಲ್ಲಿಡುವ ರೆಗ್ಯುಲೇಟರ್ ಬದಲಿಸಿ, ಇಲ್ಲದಿದ್ದರೆ ಎಲ್‌ಇಡಿಗಳು ಒಂದೊಂದಾಗಿ ಸುಡುತ್ತವೆ. ಮಿಟುಕು ನಿಮಿಷಕ್ಕೆ 60ರಿಂದ 120ರೊಳಗೆ ಇರಬೇಕು.