ಮಳೆಗಾಲದಲ್ಲಿ ಚೆಂಡೆ ರೆಕಾರ್ಡಿಂಗ್: ಹೊಸ ಮೈಕ್ ತಂದ ಮೇಲಿನ ನನ್ನ ಅನುಭವ

ಯಕ್ಷಗಾನ ಮೇಳಗಳ ತಿರುಗಾಟ ಮುಗಿಯುವ ದಿನವಾದ ಪತ್ತನಾಜೆ ಕಳೆದ ಮೇಲೆಯೇ ಹಿಮ್ಮೇಳದವರಿಗೆ, ಅಂದರೆ ಹಾಡುವ ಭಾಗವತರಿಗೆ ಮತ್ತು ಚೆಂಡೆ, ಮದ್ದಳೆ ಬಾರಿಸುವವರಿಗೆ, ಸ್ವಲ್ಪ ಬಿಡುವು. ಅಂದ್ರೆ ಮೇ 24-25 ದಾಟಬೇಕು. ಹಾಗಾಗಿ ನನ್ನ ಮನೆಯ ಸಣ್ಣ ಸ್ಟುಡಿಯೋಗೆ ಅವರು ಬರುವುದು ಯಾವಾಗಲೂ ಜಡಿಮಳೆಯಲ್ಲೇ. ಚೆಂಡೆ, ಮದ್ದಳೆ ರೆಕಾರ್ಡ್ ಮಾಡಲಿಕ್ಕೆ ಇದಕ್ಕಿಂತ ಕಷ್ಟದ ಕಾಲ ಇನ್ನೊಂದಿಲ್ಲ. ತೇವಕ್ಕೆ ಚರ್ಮ ಸಡಿಲವಾಗಿ ಶ್ರುತಿ ಇಳಿಯುತ್ತದೆ, ಹೆಂಚಿನ ಮೇಲೆ ನೀರು ಸುರಿಯುತ್ತದೆ, ಕರೆಂಟ್ ಹೋಗುತ್ತದೆ, ಕಪ್ಪೆಗಳು ರಾತ್ರಿಯಿಡೀ ಕೂಗುತ್ತವೆ. ಆದರೂ ಅವರಿಗೆ ಸಮಯ ಇರುವಾಗಲೇ ಕೆಲಸ ಆಗಬೇಕಲ್ವಾ.

ಮನೆ ಇರುವುದು ಉಡುಪಿಯಿಂದ ಬ್ರಹ್ಮಾವರಕ್ಕೆ ಹೋಗುವ ದಾರಿಯಲ್ಲಿ, ಹೆದ್ದಾರಿಯಿಂದ ಸ್ವಲ್ಪ ಒಳಗೆ. ಕೆಂಪುಕಲ್ಲಿನ ಹಳೆ ಮನೆ. ಸ್ಟುಡಿಯೋ ಅಂದರೆ 12 ಅಡಿ ಉದ್ದ, 10 ಅಡಿ ಅಗಲದ ಒಂದು ಕೋಣೆ, ಮೇಲೆ ಹಲಸಿನ ಮರದ ಮುಚ್ಚಿಗೆ, ಅದರ ಮೇಲೆ ಹೆಂಚು. ಐದು ವರ್ಷ ನಾನು ಎರಡೇ ಮೈಕ್ ಹಾಕಬಹುದಾದ ಇಂಟರ್‌ಫೇಸ್ (ಮೈಕಿನ ಧ್ವನಿಯನ್ನು ಕಂಪ್ಯೂಟರ್‌ಗೆ ಕಳಿಸುವ ಪೆಟ್ಟಿಗೆ), ಶೂರ್ ಕಂಪನಿಯ ಎಸ್‌ಎಂ57 ಮತ್ತು ಎಸ್‌ಎಂ58 ಅನ್ನುವ ಎರಡು ಮೈಕ್ ಇಟ್ಟುಕೊಂಡು ಕೆಲಸ ಮಾಡಿದೆ. ರೆಕಾರ್ಡಿಂಗ್ ಸಾಫ್ಟ್‌ವೇರ್ ರೀಪರ್. ಅದನ್ನು 60 ದಿನ ದುಡ್ಡು ಕೊಡದೆ ಬಳಸಿ ನೋಡಬಹುದು, ನಾನೂ ಹಾಗೆಯೇ ನೋಡಿ ಆಮೇಲೆ ಕೊಂಡೆ. ಕಳೆದ ವರ್ಷ ಮಳೆ ಶುರುವಾಗುವ ಮೊದಲು ನಾಲ್ಕು ಮೈಕ್ ಹಾಕಬಹುದಾದ ಹೊಸ ಇಂಟರ್‌ಫೇಸ್ ಮತ್ತು ದೊಡ್ಡ ಡಯಾಫ್ರಮ್‌ನ (ಧ್ವನಿಗೆ ಕಂಪಿಸುವ ಒಳಗಿನ ಪೊರೆ) ಎರಡು ಕಂಡೆನ್ಸರ್ ಮೈಕ್ ತಂದೆ. ಇಷ್ಟಕ್ಕೆ ಎರಡು ವರ್ಷ ದುಡ್ಡು ಕೂಡಿಟ್ಟಿದ್ದೆ.

ಮೊದಲ ರಾತ್ರಿ ನಿದ್ದೆಯೇ ಇಲ್ಲ. ಕಂಡೆನ್ಸರ್ ಎದುರು ಮಾತಾಡಿದರೆ ಉಸಿರು ಎಳೆದದ್ದೂ ಸ್ಪಷ್ಟವಾಗಿ ಕೇಳುತ್ತದೆ. ಹಳೆ ಎಸ್‌ಎಂ57 ಅದರ ಮುಂದೆ ಕಂಬಳಿ ಹೊದ್ದ ಹಾಗೆ ಅನಿಸಿತು. ಇನ್ನು ಮೇಲೆ ಎಲ್ಲದಕ್ಕೂ ಹೊಸ ಮೈಕೇ ಅಂತ ತೀರ್ಮಾನ ಮಾಡಿಬಿಟ್ಟೆ. ಆದರೆ ಮರುದಿನ ಮೀಟರ್ ನೋಡಿದಾಗ ಗೊತ್ತಾಯಿತು, ಎರಡೂ ಫೈಲ್‌ಗಳ ಮಟ್ಟ ಒಂದೇ ಇರಲಿಲ್ಲ. ಕಂಡೆನ್ಸರ್‌ನದ್ದು 4 ಡೆಸಿಬಲ್ ಜಾಸ್ತಿ ಇತ್ತು. ನಮ್ಮ ಕಿವಿಯ ಸ್ವಭಾವವೇ ಹಾಗೆ, ಒಂದೇ ಧ್ವನಿಯನ್ನು ಎರಡು ಮೂರು ಡೆಸಿಬಲ್ ಜೋರು ಮಾಡಿ ಕೇಳಿಸಿದರೆ ಅದೇ ಚೆಂದ ಅನ್ನುತ್ತದೆ. ಮಟ್ಟ ಸರಿಸಮ ಮಾಡಿ ಮತ್ತೆ ಕೇಳಿದೆ. ವ್ಯತ್ಯಾಸ ಇತ್ತು, ಆದರೆ ಮೊದಲ ರಾತ್ರಿ ಕೇಳಿದಷ್ಟು ಖಂಡಿತ ಇರಲಿಲ್ಲ.

ಅಲ್ಲಿಂದ ನಾನು ಒಂದು ಕ್ರಮ ಇಟ್ಟುಕೊಂಡೆ. ಹೊಸ ಸಾಮಾನು ಯಾವುದೇ ಬಂದರೂ ಒಂದು ಸಲಕ್ಕೆ ಒಂದನ್ನೇ ಬದಲಿಸುವುದು. ಅದೇ ಚೆಂಡೆ, ಅದೇ ಕೈ, ಅದೇ ಬಾರಿಸುವಿಕೆ. ಎಲ್ಲ 24 ಬಿಟ್, 48 ಕಿಲೋಹರ್ಟ್ಸ್‌ನಲ್ಲಿ, ಪೆಟ್ಟಿನ ತುದಿ ಮೈನಸ್ 12 ಡೆಸಿಬಲ್ ಹತ್ತಿರ ನಿಲ್ಲುವ ಹಾಗೆ. 24 ಬಿಟ್ ಇರುವಾಗ ಇನ್ನೂ ಮೇಲೆ ಒತ್ತುವ ಅಗತ್ಯವೇ ಇಲ್ಲ, ಚೆಂಡೆಯವರು ಹುರುಪಿನಲ್ಲಿ ಒಂದು ಪೆಟ್ಟು ಜೋರು ಹಾಕಿದರೆ ಧ್ವನಿ ಒಡೆಯದಿರಲು ಜಾಗ ಬೇಕು. ಆಮೇಲೆ ಲೌಡ್‌ನೆಸ್ ಮೀಟರ್ ಇಟ್ಟು ಫೈಲ್‌ಗಳನ್ನು ಅರ್ಧ ಡೆಸಿಬಲ್ ಒಳಗೆ ಸಮ ಮಾಡುತ್ತೇನೆ. ಕೊನೆಗೆ ತಂಗಿಯ ಹತ್ತಿರ ಹೆಸರು ತೆಗೆಸಿ ಬರೀ 1, 2, 3, 4 ಅಂತ ಮಾಡಿಸುತ್ತೇನೆ. ಯಾವುದು ಯಾವ ಮೈಕ್ ಅಂತ ಅವಳ ಪುಸ್ತಕದಲ್ಲಿ ಮಾತ್ರ ಇರುತ್ತದೆ.

ಚೆಂಡೆಯ ಮೊದಲ ಪರೀಕ್ಷೆ ಜೂನ್ ಕೊನೆಯಲ್ಲಿ. ಕಂಡೆನ್ಸರ್‌ನಲ್ಲಿ ಮಟ್ಟ ಇಳಿಸುವ 10 ಡೆಸಿಬಲ್‌ನ ಸ್ವಿಚ್ ಹಾಕಿ, ಚರ್ಮದಿಂದ ಮುಕ್ಕಾಲು ಅಡಿ ದೂರ ಇಟ್ಟೆ. ಎಸ್‌ಎಂ57 ಕೂಡ ಪಕ್ಕದಲ್ಲೇ. ಭಾಗವತರು ಹೆಡ್‌ಫೋನ್ ಹಾಕಿ ನಾಲ್ಕೂ ಫೈಲ್ ಕೇಳಿದರು. ಎರಡನೆಯದನ್ನು ಅರ್ಧಕ್ಕೇ ನಿಲ್ಲಿಸಲು ಹೇಳಿದರು.

"ಇದ್ರಲ್ಲಿ ಕೋಲು ಕೇಳ್ತದೆ ಮಾರಾಯಾ, ಚೆಂಡೆ ಕೇಳುದಿಲ್ಲ."

ಎರಡನೆಯದು ಹೊಸ ಕಂಡೆನ್ಸರ್.

ಅವರು ಹೇಳಿದ್ದು ಎಷ್ಟು ಸರಿ ಅಂತ ಅರ್ಥ ಮಾಡಿಕೊಳ್ಳಲು ನನಗೆ ಎರಡು ವಾರ ಬೇಕಾಯಿತು. ಕಂಡೆನ್ಸರ್‌ನ ಡಯಾಫ್ರಮ್ ತುಂಬ ಹಗುರ. ಕೋಲು ಚರ್ಮಕ್ಕೆ ತಾಗುವ ಆ ಕ್ಷಣದ 'ಟಕ್' ಅನ್ನು ಅದು ಒಂದಿಷ್ಟೂ ಬಿಡದೆ ಹಿಡಿಯುತ್ತದೆ. ಎಸ್‌ಎಂ57 ಡೈನಾಮಿಕ್ ಮೈಕ್, ಅದರ ಡಯಾಫ್ರಮ್‌ಗೆ ತಂತಿಯ ಸುರುಳಿ ಅಂಟಿಕೊಂಡಿರುವುದರಿಂದ ಸ್ವಲ್ಪ ಭಾರ. ಹಾಗಾಗಿ ಆ ಟಕ್‌ನ ಮೊನೆ ಸ್ವಲ್ಪ ಮೊಂಡಾಗಿ ಅದರ ಹಿಂದಿನ ನಾದ ಮುಂದೆ ಬರುತ್ತದೆ. 1965ರಲ್ಲಿ ಬಂದ ಮೈಕ್ ಅದು, ಇವತ್ತಿಗೂ ಊರೂರಿನ ಡ್ರಮ್‌ಗಳ ಎದುರು ನಿಂತಿರುವುದು ಸುಮ್ನೆ ಅಲ್ಲ. ಎರಡನೆಯ ಕಾರಣ ದೂರ. ಆಟದಲ್ಲಿ ಚೆಂಡೆಗೆ ಮುಕ್ಕಾಲು ಅಡಿ ದೂರದಲ್ಲಿ ಕಿವಿ ಇಟ್ಟು ಯಾರೂ ಕೂರುವುದಿಲ್ಲ. ಚರ್ಮದ ನಾದ, ಅದರ ಮರದ ಒಡಲಾದ ಕಳಸಿಗೆಯ ನಾದ, ಜಾಗದ ನಾದ ಎಲ್ಲ ಗಾಳಿಯಲ್ಲಿ ಬೆರೆತ ಮೇಲೆಯೇ ಅದು ನಮಗೆ ಚೆಂಡೆ.

ಮೈಕ್ ಸರಿಸುತ್ತಾ ಹೋದೆ. ಒಂದು ಅಡಿ, ಒಂದೂವರೆ, ಎರಡು, ಮೂರು, ಐದು. ನೆಲದ ಮೇಲೆ ಸುಣ್ಣದ ಕಡ್ಡಿಯಲ್ಲಿ ಗೆರೆ ಹಾಕಿಕೊಂಡಿದ್ದೆ. ಕೊನೆಗೆ ನನಗೆ ಒಪ್ಪಿಗೆಯಾದ ಜಾಗ ಇದು: ಎಸ್‌ಎಂ57 ಚರ್ಮದಿಂದ ಒಂದೂವರೆ ಅಡಿ ದೂರ, ಓರೆಯಾಗಿ, ನಡುವಿಗೂ ಅಂಚಿಗೂ ಮಧ್ಯದ ಜಾಗಕ್ಕೆ ಗುರಿಯಿಟ್ಟು. ನೇರ ನಡುವಿಗೆ ಹಿಡಿದರೆ ಬರೀ ಗುದ್ದು ಬರುತ್ತದೆ, ಅಂಚಿಗೆ ಹಿಡಿದರೆ ತಗಡಿನ ಹಾಗೆ. ಕಂಡೆನ್ಸರ್ ಐದು ಅಡಿ ದೂರ, ಕೂತವರ ಕಿವಿಯ ಎತ್ತರಕ್ಕೆ. ಮಿಕ್ಸ್‌ನಲ್ಲಿ ಎಸ್‌ಎಂ57 ಮುಂದೆ, ಕಂಡೆನ್ಸರ್ ಅದರ ಹಿಂದೆ ಸಣ್ಣದಾಗಿ. ಧ್ವನಿ ಒಂದು ಅಡಿ ಸಾಗಲು ಸುಮಾರು 1 ಮಿಲಿಸೆಕೆಂಡ್ ಬೇಕು, ಹಾಗಾಗಿ ಎರಡರ ನಡುವೆ ಮೂರೂವರೆ ಮಿಲಿಸೆಕೆಂಡಿನಷ್ಟು ಅಂತರ ಇರುತ್ತದೆ. ಅದನ್ನು ಎಳೆದು ಸರಿ ಮಾಡಿಯೂ ನೋಡಿದೆ, ಮಾಡದೆಯೂ ನೋಡಿದೆ. ಮಾಡದೆ ಬಿಟ್ಟದ್ದರಲ್ಲಿ ಜಾಗದ ಅನುಭವ ಇತ್ತು, ಹಾಗೇ ಇಟ್ಟೆ.

ಮದ್ದಳೆಗೆ ನಾಲ್ಕು ಮೈಕಿನ ಇಂಟರ್‌ಫೇಸ್ ನಿಜವಾಗಿ ಪ್ರಯೋಜನಕ್ಕೆ ಬಂತು, ಯಾಕೆಂದರೆ ಎಡಕ್ಕೊಂದು ಬಲಕ್ಕೊಂದು ಮೈಕ್ ಕೊಡಬಹುದು. ಆದರೆ ಮೊದಲ ದಿನ ಎರಡೂ ಸೇರಿಸಿದ ಕೂಡಲೇ ಎಡ ಬದಿಯ ಗುಂ ಅನ್ನುವ ನಾದವೇ ಹೋಗಿಬಿಟ್ಟಿತು. ಒಂದೊಂದೇ ಕೇಳಿದರೆ ಎರಡೂ ಚೆನ್ನಾಗಿವೆ, ಒಟ್ಟಿಗೆ ಕೇಳಿದರೆ ಒಣ ಹಲಗೆ ಬಡಿದ ಹಾಗೆ. ಒಂದು ಕಡೆಯ ಚರ್ಮ ಒಳಗೆ ಹೋದಾಗ ಒಳಗಿನ ಗಾಳಿ ಇನ್ನೊಂದು ಕಡೆಯ ಚರ್ಮವನ್ನು ಹೊರಗೆ ತಳ್ಳುತ್ತದೆ. ಎರಡು ಮೈಕ್ ಎರಡು ಬದಿಯಿಂದ ನೋಡುವುದರಿಂದ ಒಂದಕ್ಕೆ ಏರು, ಇನ್ನೊಂದಕ್ಕೆ ಇಳಿತ, ಸೇರಿಸಿದರೆ ಕೆಳಗಿನ ನಾದ ಒಂದನ್ನೊಂದು ತಿಂದುಹಾಕುತ್ತದೆ. ರೀಪರ್‌ನಲ್ಲಿ ಒಂದು ಟ್ರ್ಯಾಕ್‌ನ ಪೋಲಾರಿಟಿ, ಅಂದರೆ ಏರು-ಇಳಿತ, ತಿರುಗಿಸುವ ಗುಂಡಿ ಒತ್ತಿದೆ. ಗುಂ ಅಂತ ವಾಪಸ್ ಬಂತು. ಮದ್ದಳೆಯವರು ಹಿಂದೆ ಕೂತಿದ್ದವರು "ಆಂ, ಈಗ ನಂದು" ಅಂದರು.

ಇನ್ನೊಂದು ವಿಷಯ ಕೋಣೆಯದ್ದು. 12 ಅಡಿ ಉದ್ದದ ಕೋಣೆಯಲ್ಲಿ 47 ಹರ್ಟ್ಸ್ ಆಸುಪಾಸಿನ ನಾದ ಗೋಡೆಗಳ ನಡುವೆ ನಿಲ್ಲುತ್ತದೆ, ಅದರ ದುಪ್ಪಟ್ಟು 94ರದ್ದೂ ನಿಲ್ಲುತ್ತದೆ. ಈ ಎರಡನೆಯದು ಸರಿಯಾಗಿ ಕೋಣೆಯ ನಡುವೆ ಗುಡ್ಡೆಯಾಗುತ್ತದೆ, ನಾನು ಮದ್ದಳೆಯವರನ್ನು ಕೂರಿಸುತ್ತಿದ್ದದ್ದೂ ಅಲ್ಲೇ. ಒಂದೂವರೆ ಅಡಿ ಆಚೆ ಕೂರಿಸಿದ ಮೇಲೆ ಎಡದ ಗುಂಯ್‌ಗುಡುವಿಕೆ ಎಷ್ಟೋ ಇಳಿಯಿತು. ಇದಕ್ಕೆ ಒಂದು ರೂಪಾಯಿ ಖರ್ಚಿಲ್ಲ. ಸದ್ದು ಹೀರುವ ಎರಡು ಇಂಚಿನ ರಾಕ್‌ವುಲ್ ಹಲಗೆಗಳನ್ನೂ ಬಟ್ಟೆ ಸುತ್ತಿ ಹಾಕಿದ್ದೇನೆ, ಆದರೆ ಗೋಡೆಗೆ ತಾಗಿಸಿದರೆ ಜುಲೈಯಲ್ಲಿ ಬಟ್ಟೆಗೆ ಬೂಸಲು ಬರುತ್ತದೆ. ಎರಡು ಇಂಚು ಬಿಟ್ಟು ನೇತುಹಾಕಿ. ಗಾಳಿಯೂ ಆಡುತ್ತದೆ, ಕೆಳಗಿನ ನಾದವನ್ನೂ ಇನ್ನಷ್ಟು ಹೀರುತ್ತದೆ.

ಭಾಗವತಿಕೆಯ ವಿಷಯದಲ್ಲಿ ನಾನು ಮಾಡಿದ ತಪ್ಪನ್ನು ಬೇರೆಯವರು ಮಾಡಬಾರದು ಅಂತ ಹೇಳುತ್ತೇನೆ. ನಾಲ್ಕು ಇನ್‌ಪುಟ್ ಬಂದ ಮೇಲೂ, ಧ್ವನಿ ಬೇರೆ ಬೇರೆ ಸಿಗಲಿ ಅಂತ, ಮೊದಲು ಪದ್ಯ ಹಾಡಿಸಿ ಆಮೇಲೆ ಅದರ ಮೇಲೆ ಚೆಂಡೆ ಬಾರಿಸಲು ಹೇಳಿದೆ. ಸಿನಿಮಾ ಹಾಡಿಗೆ ಮಾಡುವ ಹಾಗೆ. ಪದ್ಯ ಸತ್ತೇಹೋಯಿತು. ಯಕ್ಷಗಾನದಲ್ಲಿ ಲಯ ಗಡಿಯಾರದ ಮೇಲೆ ನಡೆಯುವುದಿಲ್ಲ. ಭಾಗವತರು ಒಂದು ಉಸಿರು ಹೆಚ್ಚು ಎಳೆದರೆ ಚೆಂಡೆ ಕಾಯುತ್ತದೆ, ಚೆಂಡೆಯವರು ಏರಿಸಿದರೆ ಭಾಗವತರು ಅದರ ಮೇಲೆ ಹತ್ತುತ್ತಾರೆ. ಅವರು ಒಬ್ಬರ ಮುಖ ಒಬ್ಬರು ನೋಡಲೇಬೇಕು. 1976ರಲ್ಲಿ ಶುರುವಾದ ಮಂಗಳೂರು ಆಕಾಶವಾಣಿಯಲ್ಲಿ ತಾಳಮದ್ದಳೆ (ವೇಷ, ಕುಣಿತ ಇಲ್ಲದ ಯಕ್ಷಗಾನ) ಕೇಳಿಯೇ ಬೆಳೆದವನು ನಾನು, ಆ ಒಟ್ಟಿಗೆ ಉಸಿರಾಡುವುದು ಏನು ಅಂತ ನನ್ನ ಕಿವಿಗೆ ಗೊತ್ತಿತ್ತು.

ಈಗ ಚೆಂಡೆಯನ್ನು ಚಾವಡಿಯಲ್ಲಿ ಇಡುತ್ತೇನೆ, ಭಾಗವತರು ಮತ್ತು ಮದ್ದಳೆ ಕೋಣೆಯೊಳಗೆ, ನಡುವೆ ಬಾಗಿಲು ಅರ್ಧ ತೆರೆದು. ಮುಖ ಕಾಣುತ್ತದೆ. ಹೆಡ್‌ಫೋನ್‌ನಲ್ಲಿ ಧ್ವನಿ ಕಂಪ್ಯೂಟರ್ ಸುತ್ತಿ ಬರದೆ ಇಂಟರ್‌ಫೇಸ್‌ನಿಂದಲೇ ನೇರ ಹೋಗುತ್ತದೆ, ಹಾಗಾಗಿ ತಡ ಆಗುವುದಿಲ್ಲ. ಭಾಗವತರಿಗೆ ಮಾತ್ರ ಇನ್ನೊಂದು ಕಂಡೆನ್ಸರ್, ಬಾಯಿಂದ ಒಂದು ಗೇಣಿಗಿಂತ ಸ್ವಲ್ಪ ಜಾಸ್ತಿ ದೂರ. ಇದು ಕಾರ್ಡಿಯಾಯ್ಡ್ ಮೈಕ್, ಅದರ ಬೆನ್ನಿಗೆ ಕಿವುಡು ಜಾಸ್ತಿ. ಆ ಬೆನ್ನು ಬಾಗಿಲ ಕಡೆಗೆ ಬರುವ ಹಾಗೆ ಅವರನ್ನು ಕೂರಿಸಿದರೆ ಚೆಂಡೆ ಅರ್ಧಕ್ಕರ್ಧ ಕಡಿಮೆ ಸೇರುತ್ತದೆ. ಕಂಡೆನ್ಸರ್‌ಗೆ ಕೊಟ್ಟ ದುಡ್ಡು ಸಾರ್ಥಕ ಅನಿಸಿದ್ದು ಇಲ್ಲೇ. ಕಪ್ಪು ಮೂರರ ಶ್ರುತಿಯಲ್ಲಿ (ಹಾರ್ಮೋನಿಯಂನ ಮೂರನೇ ಕಪ್ಪು ಮನೆ) ಅವರು ಮೇಲಿನ ಷಡ್ಜದಲ್ಲಿ ನಿಂತಾಗ ಗಂಟಲಿನ ಸಣ್ಣ ನಡುಕವೂ ಬರುತ್ತದೆ. ಹಳೆ ಮೈಕ್‌ನಲ್ಲಿ ಅದು ಯಾವತ್ತೂ ಸಿಕ್ಕಿರಲಿಲ್ಲ.

ತೇವದ ಪೆಟ್ಟು ಜುಲೈ ಮೊದಲ ವಾರ ಬಿತ್ತು. ಒಳ್ಳೆಯ ಪದ್ಯದ ನಡುವೆ ಚಟ್, ಚಟ್ ಅಂತ ಶಬ್ದ. ಕೇಬಲ್ ಬದಲಿಸಿದೆ, ಇನ್‌ಪುಟ್ ಬದಲಿಸಿದೆ, ಹೋಗಲಿಲ್ಲ. ಕಂಡೆನ್ಸರ್ ಮೈಕ್ ಅಂದರೆ ಒಳಗೆ ಬಹಳ ತೆಳ್ಳಗಿನ ಒಂದು ಪೊರೆ ಮತ್ತು ಅದರ ಹಿಂದಿನ ಗಟ್ಟಿ ತಗಡಿನ ನಡುವೆ ವಿದ್ಯುತ್ ಹಿಡಿದಿಟ್ಟುಕೊಳ್ಳುವ ಸಾಧನ. ತೇವ ಕೂತರೆ ಆ ವಿದ್ಯುತ್ ಸೋರುತ್ತದೆ, ಸೋರಿದಾಗೆಲ್ಲ ಚಟ್ ಅನ್ನುತ್ತದೆ. ಇದು ಆ ಮೈಕ್‌ನ ದೋಷ ಅಲ್ಲ, ನಮ್ಮ ಹವೆಯಲ್ಲಿ ಸ್ಟ್ಯಾಂಡ್ ಮೇಲೆಯೇ ಬಿಟ್ಟದ್ದು ನನ್ನ ತಪ್ಪು. ಈಗ ಕೆಲಸ ಮುಗಿದ ಕೂಡಲೇ ಗಾಳಿಯಾಡದ ಡಬ್ಬದಲ್ಲಿ ತೇವ ಹೀರುವ ಸಿಲಿಕಾ ಜೆಲ್ ಜೊತೆ ಇಡುತ್ತೇನೆ. ನೀಲಿ ಹರಳು ಗುಲಾಬಿಯಾದರೆ ಬಿಸಿ ಮಾಡಿ ಒಣಗಿಸಬೇಕು ಅಂತ ಅರ್ಥ. ಡಬ್ಬದೊಳಗೆ ತೇವ ಅಳೆಯುವ ಸಣ್ಣ ಮೀಟರ್ ಇಟ್ಟಿದ್ದೇನೆ, 40ರಿಂದ 50 ಶೇಕಡಾ ನಡುವೆ ಇರಲಿ. ಕೆಲವರು ಅಕ್ಕಿ ಡಬ್ಬದಲ್ಲಿ ಇಡುತ್ತಾರೆ. ಬೇಡ. ಅಕ್ಕಿಯ ಹುಡಿ ಮೈಕ್‌ನ ಜಾಲರಿಯೊಳಗೆ ಹೋಗುತ್ತದೆ. ರೆಕಾರ್ಡಿಂಗ್‌ಗೆ ಅರ್ಧ ಗಂಟೆ ಮೊದಲೇ ಮೈಕ್ ಹೊರಗೆ ತೆಗೆದು ಇಂಟರ್‌ಫೇಸ್‌ನಿಂದ ಅದಕ್ಕೆ ಬೇಕಾದ 48 ವೋಲ್ಟ್ ಕೊಟ್ಟು ಬಿಡಿ. ಆ ಚಟ್ ಶಬ್ದ ಮತ್ತೆ ಬಂದಿಲ್ಲ.

ಹೊಸ ಇಂಟರ್‌ಫೇಸ್‌ನಲ್ಲಿ ಒಂದು ಗುಂಯ್ ಸದ್ದೂ ಇತ್ತು. ಲ್ಯಾಪ್‌ಟಾಪ್‌ನ ಚಾರ್ಜರ್ ಕಿತ್ತರೆ ನಿಲ್ಲುತ್ತಿತ್ತು. ಅರ್ಥಿಂಗ್ ನೋಡಿಸಿದೆ, ಹಳೆ ಗುಂಡಿ ಪೂರ್ತಿ ಕೆಟ್ಟಿತ್ತು. ಎಲೆಕ್ಟ್ರಿಷಿಯನ್ ಇದ್ದಿಲು, ಉಪ್ಪು ಹಾಕಿ ಹೊಸ ಗುಂಡಿ ಮಾಡಿಕೊಟ್ಟರು, ಸರಿಯಾಯಿತು. ಸದ್ದು ಹೋಗಲಿ ಅಂತ ಮೂರನೇ ಪಿನ್ ಮುರಿಯುವವರಿದ್ದಾರೆ. ದಯವಿಟ್ಟು ಮಾಡಬೇಡಿ, ಒದ್ದೆ ಕಾಲಲ್ಲಿ ಬಂದು ಮೈಕ್ ಹಿಡಿಯುವವರ ಜೀವದ ಪ್ರಶ್ನೆ ಅದು.

ಮಳೆಯ ಸದ್ದಿಗೆ ಮಾತ್ರ ಯಾವ ಸಾಮಾನೂ ಇಲ್ಲ. 1865ರಲ್ಲಿ ಬಾಸೆಲ್ ಮಿಷನ್‌ನವರು ಮಂಗಳೂರಿನ ಜೆಪ್ಪುವಿನಲ್ಲಿ ಹೆಂಚಿನ ಕಾರ್ಖಾನೆ ಹಾಕಿದ ಮೇಲೆ ಕರಾವಳಿಯ ಮನೆಗಳ ತಲೆ ಮೇಲೆಲ್ಲ ಅದೇ ಹೆಂಚು ಬಂತು. ಗಾಳಿ ಆಡಲು ಒಳ್ಳೆಯದು, ಅದೇ ಸಂದಿನಲ್ಲಿ ಸದ್ದೂ ಬರುತ್ತದೆ. ಮುಚ್ಚಿಗೆಯ ಮೇಲೆ ಹಳೆ ಹತ್ತಿ ಹಾಸಿಗೆ ಹಾಸಿದ್ದರಿಂದ ಸಣ್ಣ ಮಳೆ ನಿಭಾಯಿಸುತ್ತದೆ. ಜೋರು ಬಂದರೆ ಎಲ್ಲರೂ ಚಹಾ ಕುಡಿಯುತ್ತಾ ಕಾಯುತ್ತೇವೆ. ಕಳೆದ ವರ್ಷ ಒಂದು ಪದ್ಯಕ್ಕೆ ರಾತ್ರಿ ಒಂಬತ್ತರಿಂದ ಹನ್ನೆರಡೂವರೆವರೆಗೆ ಕಾದು, ಇಪ್ಪತ್ತು ನಿಮಿಷದ ಹೊಳವು ಸಿಕ್ಕಾಗ ಒಂದೇ ಸಲಕ್ಕೆ ಮುಗಿಸಿದೆವು.

ನನಗೆ ಇನ್ನೂ ಬಗೆಹರಿಯದೆ ಉಳಿದಿರುವುದು ಭಾಗವತರು ಹಾಡುತ್ತಾ ಕೈಯಲ್ಲಿ ಬಾರಿಸುವ ಲೋಹದ ಪುಟ್ಟ ತಾಳ. ಬಾಯಿಗೆ ಹತ್ತಿರವೇ ಇರುತ್ತದೆ, ಕಂಡೆನ್ಸರ್ ಅದನ್ನು ಹಾಡಿಗಿಂತ ಹೆಚ್ಚು ಪ್ರೀತಿಯಿಂದ ಹಿಡಿಯುತ್ತದೆ. ಮೈಕ್ ಮೇಲಿನಿಂದ, ಹಣೆಯ ಮಟ್ಟದಿಂದ ಬಾಯಿಗೆ ಇಳಿಸಿ ಹಿಡಿದರೆ ತಾಳ ಸ್ವಲ್ಪ ಪಕ್ಕಕ್ಕೆ ಸರಿಯುತ್ತದೆ, ಆದರೆ ಧ್ವನಿಯ ತುಂಬು ಕಡಿಮೆಯಾಗುತ್ತದೆ. ತಾಳ ಮಡಿಲಿಗೆ ಇಳಿಸಿ ಬಾರಿಸಿ ಅಂದರೆ ಅವರಿಗೆ ಹಾಡಲು ಕೈ ಬರುವುದಿಲ್ಲ. ಈ ಸಲ ಪತ್ತನಾಜೆ ಕಳೆದ ಮೇಲೆ ಧ್ವನಿಗೆ ಎಸ್‌ಎಂ58 ಮತ್ತು ಕಂಡೆನ್ಸರ್ ಎರಡನ್ನೂ ಒಟ್ಟಿಗೆ ಇಟ್ಟು ನೋಡಬೇಕು ಅಂತಿದ್ದೇನೆ. ತಾಳ ಇಟ್ಟುಕೊಂಡೇ ಪದ್ಯ ರೆಕಾರ್ಡ್ ಮಾಡಿ ಚೆನ್ನಾಗಿ ಬಂದವರು ಯಾರಾದರೂ ಇದ್ದರೆ, ಮೈಕ್ ಎಲ್ಲಿಟ್ಟಿರಿ ಅಂತ ಹೇಳಿ.